ಬೀಜದ ಚೀಲಕ್ಕೆ ಅಂಗಿಯ ಸೈಜು

ಕಂಪ್ಯೂಟರಿನ ಮೂರು ಲೆಕ್ಕದ ಪ್ರೋಗ್ರಾಮುಗಳನ್ನು ನೋಡಿ ಒಂದನ್ನು ಆರಿಸಲು ನಮ್ಮ ಕಂಪನಿಗೆ ನಲವತ್ತೊಂದು ದಿನ ಬೇಕಾಯಿತು. ಆರಿಸಿದ್ದು ಮೂರರಲ್ಲಿ ಅತ್ಯಂತ ಕೆಟ್ಟದ್ದನ್ನು. ಇದು ಸಿಟ್ಟಿನ ಮಾತಲ್ಲ. ಅಂಕ ಹಾಕಿದ ಪಟ್ಟಿ ನನ್ನ ಡೈರಿಯಲ್ಲಿದೆ.

ಎಂಬತ್ತೇಳರಲ್ಲಿ ಹಿರೇಕೆರೂರಿನಲ್ಲಿ ಹತ್ತಿಬೀಜದ ಈ ಕಂಪನಿ ಶುರುವಾದಾಗ ನಾನು ಬಿ.ಕಾಂ. ಮುಗಿಸಿ ಲೆಕ್ಕ ಬರೆಯಲು ಸೇರಿದೆ. ರೈತರು ನಮಗಾಗಿ ಹೈಬ್ರಿಡ್ ಬೀಜ ಬೆಳೆದು ಕೊಡುತ್ತಿದ್ದರು. ಒಬ್ಬೊಬ್ಬರ ಬೀಜ ಒಂದೊಂದು ಲಾಟು. ಪ್ರತಿ ಲಾಟಿನ ಮಾದರಿ ಪರೀಕ್ಷೆಗೆ ಹೋಗುತ್ತಿತ್ತು. ಪಾಸಾದರೆ ಬೀಜದ ದರ, ಫೇಲಾದರೆ ಎಮ್ಮೆಗೆ ತಿನ್ನಿಸುವ ಹತ್ತಿಕಾಳಿನ ದರ.

ಮೊದಲ ವರ್ಷ ಚೀಟಿಗಳು ಅದಲುಬದಲಾಗಿ ತಿಳವಳ್ಳಿಯ ಒಬ್ಬ ಹೆಣ್ಣುಮಗಳ ಚೀಲಗಳು ಬೇರೆಯವರ ಲಾಟಿಗೆ ಸೇರಿದವು. ಆ ಲಾಟು ಫೇಲಾಯಿತು. ಇಡೀ ಹಂಗಾಮು ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಬೆಳೆದದ್ದಕ್ಕೆ ಅವರಿಗೆ ಸಿಕ್ಕಿದ್ದು ಹತ್ತಿಕಾಳಿನ ದರ.

"ಇನ್ನೊಂದು ವರ್ಷ ನೋಡ್ತೇನಿ ತಮ್ಮಾ. ಮತ್ತ ಕಲಸಿದ್ರ ನಿಮ್ಮ ಕಟ್ಟಿ ಹತ್ತಂಗಿಲ್ಲ," ಎಂದು ಹೇಳಿ ಹೋದರು.

ಮಾಲಕರು ಕಂಪ್ಯೂಟರ್ ತರಿಸಿದ್ದು ಈ ಗೊಂದಲ ಮುಗಿಸಲೆಂದೇ. ಅದರೊಳಗೆ ಹಾಕುವ ಲೆಕ್ಕದ ಪ್ರೋಗ್ರಾಮು ಆರಿಸುವ ಕೆಲಸ ನನ್ನದಾಯಿತು. ಹನ್ನೊಂದು ಪ್ರಶ್ನೆ ಬರೆದುಕೊಂಡೆ. ಮೊದಲನೆಯದು: ಲಾಟ್ ನಂಬರಿಗೆ ಜಾಗ ಇದೆಯೇ?

ಹುಬ್ಬಳ್ಳಿಯಿಂದ ಬಂದ ಮೊದಲನೆಯದಕ್ಕೆ ಹನ್ನೊಂದಕ್ಕೆ ನಾಲ್ಕು. ತೋರಿಸುವಾಗ ಎರಡು ಸಲ ಕರೆಂಟ್ ಹೋಯಿತು. ಅದಕ್ಕೆ ಅಂಕ ಕಳೆಯಲಿಲ್ಲ. ಎರಡನೆಯದು ಶಿಗ್ಗಾಂವಿಯಲ್ಲಿ ರೈತರ ಕಾಳು ಮಾರಿಸಿಕೊಡುವ ಒಂದು ಅಡತಿಯಲ್ಲಿ ನಡೆಯುತ್ತಿತ್ತು. ಬಸ್ಸು ಹತ್ತಿ ಹೋಗಿ ಅರ್ಧ ದಿನ ಕೂತು ನೋಡಿದೆ. ಅಡತಿಯವರಿಗೂ ರೈತರ ಮಾಲನ್ನು ಲಾಟುಲಾಟಾಗಿ ಇಡುವುದೇ ಕೆಲಸ, ಹಾಗಾಗಿ ಅದರಲ್ಲಿ ನನಗೆ ಬೇಕಾದದ್ದೆಲ್ಲ ಇತ್ತು. ಒಂಬತ್ತು ಅಂಕ. ಮೂರನೆಯದು ರೆಡಿಮೇಡ್ ಬಟ್ಟೆ ಅಂಗಡಿಗಳಿಗಾಗಿ ಮಾಡಿದ್ದು. ಮೂರು ಅಂಕ.

ಮಾಲಕರು ಪಟ್ಟಿಯನ್ನು ಪೂರ್ತಿ ಓದಿದರು.

"ಒಂಬತ್ತು ಬಂದದ್ದು ಛಲೋ ಐತಿ. ಆದ್ರ ಈ ಮೂರನೇದವ ನಮ್ಮ ಬೀಗರ ಊರವ. ಬ್ಯಾಡ ಅಂದ್ರ ನಾ ಮನ್ಯಾಗ ಊಟಾ ಮಾಡಬೇಕೋ ಬ್ಯಾಡೋ?"

"ಮಾಲಕ್ರ, ಇದ್ರಾಗ ಲಾಟ್ ನಂಬರಿಗೆ ಜಾಗಾನ ಇಲ್ರಿ."

ಬೀಗರ ಊರಿನವ ಅಲ್ಲೇ ಚಹಾ ಕುಡಿಯುತ್ತಿದ್ದ. "ಸೈಜ್ ಅಂತ ಒಂದು ಕಾಲಂ ಐತಲ್ರಿ, ಅದ್ರಾಗ ಹಾಕ್ರಿ. ಅಂಗಿನೋ ಬೀಜಾನೋ, ಕಂಪ್ಯೂಟರಿಗೇನು ಗೊತ್ತಾಕ್ಕೈತಿ?" ಎಂದ.

ಸೈಜಿನ ಕಾಲಮಿನಲ್ಲಿ ಎರಡೇ ಅಂಕಿ ಹಿಡಿಸುತ್ತಿತ್ತು. ನಮ್ಮ ಬೆಳೆಗಾರರು ನೂರಾ ನಲವತ್ತಮೂರು. ಕೊನೆಗೆ ಪಕ್ಕದ ಬಣ್ಣದ ಕಾಲಮನ್ನೂ ಬಳಸಿಕೊಂಡೆ: ತೊಂಬತ್ತೊಂಬತ್ತರವರೆಗೆ ಕೆಂಪು, ನೂರರಿಂದ ಮುಂದಿನವು ನೀಲಿ. ತಿಳವಳ್ಳಿಯ ಅಕ್ಕನ ಲಾಟು ನೂರಾ ನಲವತ್ತೆರಡು; ಅಂದರೆ ನೀಲಿ ನಲವತ್ತೆರಡು.

ಜನವರಿಯಲ್ಲಿ ಅವರು ಚೀಲ ಇಳಿಸಿದಾಗ ರಸೀದಿ ಇಂಗ್ಲಿಷಿನಲ್ಲಿ ಅಚ್ಚಾಗಿ ಬಂತು. ನಾನೇ ಓದಿ ಹೇಳಿದೆ.

"ಸೈಜ್ ನಲವತ್ತೆರಡಾ? ನಾ ಬೀಜ ಕೊಡಾಕ ಬಂದೇನೋ, ಜಂಪರ್ ಹೊಲಿಸಾಕ ಬಂದೇನೋ?"

ಹಿಂದೆ ಪಾಳಿ ಹಚ್ಚಿ ನಿಂತಿದ್ದ ಮುದುಕರೊಬ್ಬರು, "ಯವ್ವಾ, ನಿನಗ ಸಡ್ಲ ಆಕ್ಕೈತಿ ಅದು," ಎಂದರು.

"ನಿಮ್ಮ ಮನ್ಯಾಕಿಗೆ ಬರೋಬ್ಬರಿ ಆಕ್ಕೈತಿ, ಒಯ್ರಿ," ಎಂದು ಅಕ್ಕ ತಿರುಗಿ ನೋಡದೆಯೇ ಹೇಳಿದರು. ಪಾಳಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆಯ ವರದಿ ಬಂತು. ಫೇಲಾದವು ಮೂರು ಲಾಟು, ಅದರಲ್ಲಿ ಒಂದು ಕೆಂಪು ನಲವತ್ತೆರಡು. ಅದಕ್ಕೆ ಹತ್ತಿಕಾಳಿನ ದರ ಹಾಕಿ ಹಣ ಕೊಡುವ ಪಟ್ಟಿ ಅಚ್ಚು ಮಾಡಿದೆ. ನೋಡಿದರೆ ನೀಲಿ ನಲವತ್ತೆರಡಕ್ಕೂ ಅದೇ ದರ! ನೀಲಿಯದನ್ನು ಏರಿಸಿದೆ, ಕೆಂಪಿನದೂ ಏರಿತು. ಕೆಂಪಿನದನ್ನು ಇಳಿಸಿದೆ, ನೀಲಿಯದೂ ಇಳಿಯಿತು. ಏಳು ಸಲ ಮಾಡಿದ ಮೇಲೆ ತಲೆಗೆ ಹೊಳೆಯಿತು: ಬಟ್ಟೆ ಅಂಗಡಿಯಲ್ಲಿ ದರ ಇರುವುದು ಸೈಜಿಗೆ, ಬಣ್ಣಕ್ಕಲ್ಲ. ಕೆಂಪು ಅಂಗಿಗೂ ನೀಲಿ ಅಂಗಿಗೂ ಒಂದೇ ಬೆಲೆ.

ಹಣ ಕೊಡುವ ದಿನ ಅಕ್ಕ ಬೆಳಗಿನ ಬಸ್ಸಿಗೇ ಬಂದು ಮಾಲಕರ ಎದುರಿನ ಬೆಂಚಿನ ಮೇಲೆ ಕೂತಿದ್ದರು. ನಾನು ಪಟ್ಟಿಯಲ್ಲಿ ಅವರ ಸಾಲನ್ನು ಹೊಡೆದು ಹಾಕಿ, ಪಕ್ಕದಲ್ಲಿ ಪೆನ್ನಿನಿಂದ ಬೀಜದ ದರ ಬರೆದು ಸಹಿಗೆ ಇಟ್ಟೆ.

"ಪ್ರಿಂಟ್ ಆಗಿದ್ದರ ಮ್ಯಾಲೆ ಪೆನ್ನಿಲೆ ಬರಿಯೂದಾದ್ರ ಕಂಪ್ಯೂಟರ್ ಯಾಕ ತಂದ್ವಿ?" ಎಂದರು ಮಾಲಕರು.

"ಅದನ್ನ ನಾನೂ ಕೇಳಾಕತ್ತೇನ್ರಿ."

ಅಕ್ಕ ನಮ್ಮಿಬ್ಬರ ಮುಖ ನೋಡಿದರು. "ಮತ್ತ ಕಲಸಿದ್ರೇನು?"

ನಾನು ಪರೀಕ್ಷೆಯ ವರದಿಯನ್ನು ಮಾಲಕರ ಮುಂದಿಟ್ಟು ನೂರಾ ನಲವತ್ತೆರಡರ ಮುಂದಿನ ಪಾಸಿನ ಮೇಲೆ ಬೆರಳಿಟ್ಟೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿ, ತಿದ್ದಿದ ಜಾಗದಲ್ಲಿ ಸಹಿ ಹಾಕಿದರು. ಬೀಗರ ಊರಿನವನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಕ್ಕ ಹಣ ಎಣಿಸಿ ಸೆರಗಿಗೆ ಕಟ್ಟಿಕೊಂಡು ನನ್ನ ಮೇಜಿಗೆ ಬಂದರು. "ಬರೋ ವರ್ಷ ನನ್ನ ಹೆಸರು ನೀ ಕೈಲೆ ಬರ್ಕೊಂಡ್ರ ಬೀಜಾ ತರ್ತೇನಿ. ಈ ಅಂಗಿ ಅಂಗಡಿ ನಂಬೂದಿಲ್ಲ ನಾ."

"ಬರ್ಕೋತೇನ್ರಿ," ಎಂದೆ.

ಒಬ್ಬರಿಗೆ ಬರೆದು ಉಳಿದವರನ್ನು ಬಿಡುವಂತಿರಲಿಲ್ಲ. ಮರುದಿನವೇ ದಪ್ಪ ರಿಜಿಸ್ಟರ್ ತಂದು, ಗೆರೆ ಹಾಕಿ, ಒಂದನೇ ಲಾಟಿನಿಂದ ಶುರು ಮಾಡಿದೆ. ಮಧ್ಯಾಹ್ನ ಮಾಲಕರು ಬಂದು ಹಿಂದೆ ನಿಂತರು.

"ಒಂದ ಕೆಲಸಾ ಎರಡು ಸಲ ಮಾಡಾಕತ್ತೀಯಲ್ಲೋ. ಹೊತ್ತು ಹೋಗವಲ್ದೇನು?"

ನಾನು ಮುಂದಿನ ಸಾಲಿಗೆ ಪೆನ್ನು ಇಟ್ಟೆ. ಇನ್ನೂ ತೊಂಬತ್ತೆಂಟು ಹೆಸರು ಬರೆಯುವುದಿತ್ತು.