ಚಂಪಾಳ ಹೊಟ್ಟೆಯೊಳಗಿನ ಕಡಲು

ಇಂಥ ಸಂಗತಿಗಳನ್ನು ನಂಬುವವಳಲ್ಲ ನಾನು. ಕುಂದಾಪುರದ ಹತ್ತಿರದ ಕೋಡಿಯಲ್ಲೇ ಹುಟ್ಟಿ, ಕೋಡಿಯಲ್ಲೇ ಮದುವೆಯಾಗಿ, ನಲವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು. ಕಡಲಿನಿಂದ ಯಾರೋ ಹೆಸರು ಹಿಡಿದು ಕರೆದರು, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಬೆಳಕು ಕಂಡಿತು ಎಂದು ನಮ್ಮ ಕೇರಿಯಲ್ಲಿ ವರ್ಷಕ್ಕೆ ಹತ್ತು ಸಲ ಸುದ್ದಿ ಹುಟ್ಟುತ್ತದೆ. ನಾನು ನಕ್ಕುಬಿಡುತ್ತಿದ್ದೆ. ಗಾಳಿ ಎದ್ದಾಗ ಹಂಚಿನ ಸಂದಿಯಲ್ಲಿ ಏನೇನೋ ಸದ್ದು ಬರುತ್ತದೆ, ಮಲಗಿ ಎನ್ನುತ್ತಿದ್ದೆ. ಹಾಗಿದ್ದವಳಿಗೆ ಆರು ವರ್ಷದ ಹಿಂದೆ ಹಾಡಹಗಲಲ್ಲಿ, ನಾಲ್ಕು ಜನರ ಎದುರಿಗೇ, ಒಂದು ಅನುಭವ ಆಯಿತು. ಅದನ್ನು ಯಾರಿಗೆ ಹೇಳಿದರೂ ತಲೆಯಾಡಿಸಿ ಬೇರೆ ಮಾತು ತೆಗೆಯುತ್ತಾರೆ. ಬರೆದಾದರೂ ಇಡುತ್ತೇನೆ. ನಾನು ಕಲಿತದ್ದು ನಾಲ್ಕನೇ ಕ್ಲಾಸು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಈಗಲೇ ಯಾಕೆ ಬರೆಯುತ್ತಿದ್ದೇನೆ ಎಂದರೆ, ನನ್ನ ಮೊಮ್ಮಗಳು, ಮಗಳ ಮಗಳು, ದೀಕ್ಷಾ, ಕುದುರೆಗಳ ರೋಗ ಮತ್ತು ಆರೈಕೆಯ ದೊಡ್ಡ ಪರೀಕ್ಷೆಯಲ್ಲಿ ಪಾಸಾದಳು. ಸುದ್ದಿ ಬಂದ ದಿನ ನಾನು ಕುಂದಾಪುರದ ಪೇಟೆಗೆ ಹೋಗಿ ಲಾಡು ತಂದು ಇಡೀ ಕೇರಿಗೆ ಹಂಚಿದೆ. ಬಸ್ಸಿನ ಕಂಡಕ್ಟರಿಗೂ ಕೊಟ್ಟೆ. ಅವರು ಮನೆಯಲ್ಲಿ ಮದುವೆ ಎಂದುಕೊಂಡು, "ಎಂತ ಅಜ್ಜಿ, ಮದಿಯಾ?" ಎಂದು ಕೇಳಿದರು. "ಮದಿ ಅಲ್ಲ, ಕುದ್ರಿ" ಎಂದೆ. ಅವರು ಲಾಡು ಬಾಯಿಗಿಟ್ಟುಕೊಂಡು ಹಾಗೇ ನಿಂತರು.

ಅವಳು ಓದುವುದಕ್ಕೆ ಹೋದ ಮೇಲೆ ನಾನೂ ಎಷ್ಟೋ ಕಲಿತೆ. ಕುದುರೆ ನಿಲ್ಲುವುದು ಕಾಲಿಗೊಂದೇ ಬೆರಳು, ಆ ಬೆರಳಿನ ಉಗುರಿನ ಮೇಲೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ತಿಂದದ್ದು ಒಳಗೆ ಹೋದರೆ ಹಿಂದಿನಿಂದಲೇ ಹೊರಗೆ ಬರಬೇಕು. ಕುದುರೆಗೆ ಪಿತ್ತದ ಚೀಲವೇ ಇಲ್ಲ. ಇದನ್ನು ಕೇಳಿ ನನಗೆ ತುಂಬ ಆಶ್ಚರ್ಯವಾಗಿತ್ತು. ಮೀನು ಕೊಯ್ಯುವಾಗ ಪಿತ್ತ ಒಡೆಯದ ಹಾಗೆ ಜೀವಮಾನವಿಡೀ ಕಾದವಳು ನಾನು. ಅಷ್ಟು ದೊಡ್ಡ ಪ್ರಾಣಿಗೆ ಅದು ಇಲ್ಲವಂತೆ. ನೋಡಿ, ಸಂತೋಷದಲ್ಲಿ ಮಾತು ಎಲ್ಲಿಗೋ ಹೋಗುತ್ತದೆ.

ಆರು ವರ್ಷದ ಹಿಂದೆ ಹೀಗಿರಲಿಲ್ಲ. ಆಗ ಅವಳು ಪಶುವೈದ್ಯ ಕಾಲೇಜಿನಲ್ಲಿ ಮೂರನೇ ವರ್ಷ. ದನ, ನಾಯಿಗಳ ಪಾಠದಲ್ಲೆಲ್ಲ ಒಳ್ಳೆಯ ಅಂಕ ಬಂದಿತ್ತು. ಅವಳು ಮನಸ್ಸಿಟ್ಟು ಓದಿದ ಕುದುರೆ ಪಾಠದಲ್ಲೇ ಫೇಲು. ಪರೀಕ್ಷೆಯಲ್ಲಿ ಹೊಟ್ಟೆನೋವಿನ ಕುದುರೆಯೊಂದನ್ನು ತೋರಿಸಿ ಏನಾಗಿದೆ ಎಂದು ಕೇಳಿದ್ದರಂತೆ. ಇವಳು ಹೇಳಿದ್ದು ತಪ್ಪಾಗಿತ್ತು. ಕುಂದಾಪುರದ ಕಡೆಯ ಹುಡುಗಿಗೆ ಕುದುರೆ ಯಾಕೆ, ದನದ ಡಾಕ್ಟರಾದರೆ ಸಾಲದೇ ಎಂದು ಅಲ್ಲಿ ಯಾರೋ ಅಂದರಂತೆ. ರಜೆಗೆ ಬಂದವಳು ಪುಸ್ತಕಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ತಂದಿದ್ದಳು. "ನಾ ಇನ್ ಹೋಪ್ದಿಲ್ಲೆ ಅಮ್ಮಮ್ಮ" ಎಂದಳು. ಗೇರುಬೀಜದ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಇದೆಯಾ ಎಂದು ವಿಚಾರಿಸಿಯೂ ಬಂದಿದ್ದಳು. ಅವಳ ತಾಯಿ ಬೈದಳು, ಅತ್ತಳು. ನನಗೆ ಕುಳಿತಲ್ಲಿ ಕುಳಿತುಕೊಳ್ಳಲು ಆಗುತ್ತಿರಲಿಲ್ಲ. ಅಂಗಳ ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದೆ.

ಆ ಹೊತ್ತಿಗೆ ನಮ್ಮ ಕಡಲ ತೀರದಲ್ಲಿ ಒಂದು ಹೆಣ್ಣು ಕುದುರೆ ಇತ್ತು, ಹೆಸರು ಚಂಪಾ. ಯಡ್ತರೆಯ ರಘು ಎಂಬವನದು. ಮದುವೆ ದಿಬ್ಬಣಗಳಿಗೆ ಬಾಡಿಗೆಗೆ ಕೊಡುತ್ತಿದ್ದ, ಉಳಿದ ದಿನ ಕೋಡಿಗೆ ತಂದು ಮಕ್ಕಳನ್ನು ಕೂರಿಸಿ ಸುತ್ತಿಸುತ್ತಿದ್ದ. ಹಿಂದೆ ರಜೆಗೆ ಬಂದಾಗಲೆಲ್ಲ ದೀಕ್ಷಾ ಅದರ ಹತ್ತಿರವೇ ಇರುತ್ತಿದ್ದಳು. ಈ ಸಲ ಮೂರು ವಾರ ಆದರೂ ಆ ಕಡೆ ಹೋಗಲಿಲ್ಲ. ಅಂಗಡಿಗೆ ಹೋಗುವುದಿದ್ದರೂ ಬೇರೆ ದಾರಿ ಹಿಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಊಟ ಮುಗಿಸಿ ಎದ್ದಿದ್ದೆವು ಅಷ್ಟೆ. ರಘು ಅಂಗಳದಲ್ಲಿ ನಿಂತು ಕೂಗಿದ. "ಹ್ವಾಯ್ ಅಮ್ಮಾ, ನಿಮ್ ಕುದ್ರಿ ಡಾಕ್ಟ್ರಮ್ಮ ಇದ್ಲಾ? ಚಂಪಾ ಬಿದ್ಕಂಡ್ ಹೊರಳ್ತಿತ್ತ್. ದೊಡ್ಡ ಡಾಕ್ಟ್ರಿಗೆ ಫೋನ್ ಮಾಡಿದ್ದೆ, ಬಪ್ಪುಕೆ ಒಂದ್ ಗಂಟೆ ಆತ್ತಂಬ್ರ್."

ದೀಕ್ಷಾ ಒಳಗಿನಿಂದಲೇ, "ನಾ ಡಾಕ್ಟ್ರ್ ಅಲ್ಲ ಅಂದ್ ಹೇಳ್ ಅಮ್ಮಮ್ಮ" ಎಂದಳು.

"ಡಾಕ್ಟ್ರ್ ಅಲ್ದಿರೆ ಕುದ್ರಿ ಕಾಂಬುಕಾಗ ಅಂದ್ ಇತ್ತಾ? ಏಳ್, ನಾನೂ ಬತ್ತೆ" ಎಂದು ಅವಳ ಕೈ ಹಿಡಿದು ಎಳೆದೆ. ಪೆಟ್ಟಿಗೆಯಿಂದ ಕಿವಿಗೆ ಹಾಕುವ ನಳಿಗೆಯನ್ನು ನಾನೇ ತೆಗೆದುಕೊಟ್ಟೆ.

ಚಂಪಾ ಗಾಳಿಮರಗಳ ಹತ್ತಿರ ಮರಳಿನಲ್ಲಿ ಬಿದ್ದಿತ್ತು. ಮೈಯೆಲ್ಲ ಬೆವರು. ಏಳುತ್ತದೆ, ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತದೆ, ಮತ್ತೆ ಬೀಳುತ್ತದೆ. ದೀಕ್ಷಾ ಅದರ ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟಳು. ನಾವು ಮೀನು ತಾಜಾ ಇದೆಯಾ ಎಂದು ಒತ್ತಿ ನೋಡುತ್ತೇವಲ್ಲ, ಹಾಗೆಯೇ. ಒತ್ತಿದಲ್ಲಿ ಬೆಳ್ಳಗಾದದ್ದು ಕೆಂಪಾಗಲು ಹೊತ್ತು ಹಿಡಿಯಿತು. ಅದು ಒಳ್ಳೆಯದಲ್ಲ ಎಂದು ಯಾರೂ ಹೇಳದೆಯೇ ನನಗೆ ಗೊತ್ತಾಯಿತು. ಆಮೇಲೆ ಹೊಟ್ಟೆಯ ಎಡಬದಿಯಲ್ಲಿ ಎರಡು ಕಡೆ, ಬಲಬದಿಯಲ್ಲಿ ಎರಡು ಕಡೆ ನಳಿಗೆ ಇಟ್ಟು ಕೇಳಿದಳು. ಕುದುರೆಯ ಕರುಳು ಯಾವಾಗಲೂ ಗುಡುಗುಟ್ಟುತ್ತಿರಬೇಕಂತೆ. ಇದರ ಕರುಳು ಸುಮ್ಮನಾಗಿತ್ತು.

ಡಾಕ್ಟರು ಬಂದು ನೋವಿನ ಇಂಜೆಕ್ಷನ್ ಕೊಟ್ಟರು. ಒಳ್ಳೆಯ ಮನುಷ್ಯ. ತಾನು ಹೆಚ್ಚು ನೋಡಿದ್ದು ದನಗಳನ್ನೇ ಎಂದು ಮುಚ್ಚಿಡದೆ ಹೇಳಿದರು. ನೋವು ಅರ್ಧ ಗಂಟೆಯಲ್ಲಿ ಮತ್ತೆ ಎದ್ದಿತು. ಅವರೂ ಕೇಳಿ ನೋಡಿದರು, ಸದ್ದಿಲ್ಲ. ಕರುಳು ತಿರುಚಿಕೊಂಡಿರಬೇಕು, ಹೊಟ್ಟೆ ಕೊಯ್ದು ಸರಿಮಾಡುವ ಆಸ್ಪತ್ರೆಯವರೆಗೆ ಇದು ಜೀವಸಹಿತ ಹೋಗುವುದಿಲ್ಲ, ನರಳಿಸುವುದಕ್ಕಿಂತ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡುವುದೇ ಒಳ್ಳೆಯದು ಎಂದರು. ರಘು ಕುದುರೆಯ ತಲೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ದೀಕ್ಷಾಳ ಮುಖ ನೋಡಿದ. "ನೀ ಹೇಳಿದ್ಹಾಂಗೆ" ಎಂದ. ಅವಳು ಕಿವಿಯ ನಳಿಗೆಯನ್ನು ಕಳಚಿ ಸುತ್ತತೊಡಗಿದಳು. ಈ ಕುದುರೆ ಸತ್ತರೆ ನನ್ನ ಹುಡುಗಿ ಇನ್ನು ಆ ಪೆಟ್ಟಿಗೆ ಬಿಚ್ಚುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ನಾನು ಆಗ ಕುದುರೆಯಿಂದ ಹತ್ತು ಹದಿನೈದು ಹೆಜ್ಜೆ ದೂರ, ಮಗುಚಿ ಹಾಕಿದ್ದ ದೋಣಿಗೆ ಒರಗಿ ನಿಂತಿದ್ದೆ. ಕಡಲು ನನ್ನ ಬಲಕ್ಕೆ, ಕುದುರೆ ಎಡಕ್ಕೆ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತೇನೆ ಎಂದರೆ, ನನ್ನ ಎಡಗಿವಿ ಕೇಳುವುದಿಲ್ಲ. ತಂಗಿಯ ಮದುವೆಯ ದಿಬ್ಬಣದಲ್ಲಿ ಪಟಾಕಿ ಹತ್ತಿರದಲ್ಲೇ ಸಿಡಿದು ಹೋದ ಕಿವಿ ಅದು. ನರ ಸತ್ತಿದೆ ಎಂದು ಕುಂದಾಪುರದ ಡಾಕ್ಟರು ಅಂದೇ ಹೇಳಿದ್ದರು. ಮೀನು ಕೊಳ್ಳುವ ಹೆಂಗಸರಿಗೆಲ್ಲ ಗೊತ್ತು, ಚೌಕಾಸಿ ಮಾಡುವುದಿದ್ದರೆ ನನ್ನ ಬಲಕ್ಕೆ ಬರುತ್ತಿದ್ದರು.

ಆ ಸತ್ತ ಕಿವಿಯಲ್ಲಿ ನನಗೆ ಸದ್ದು ಕೇಳಿತು. ತೆರೆ ಬಂದು, ಮರಳನ್ನು ಎಳೆದುಕೊಂಡು ಹಿಂದೆ ಸರಿಯುವ ಸದ್ದು. ಒಂದು ದೊಡ್ಡದು, ಸ್ವಲ್ಪ ತಡೆದು ಎರಡು ಸಣ್ಣದು. ಮತ್ತೆ ಒಂದು ದೊಡ್ಡದು, ಎರಡು ಸಣ್ಣದು. ಮೊದಲು ಕಡಲೇ ಎಂದುಕೊಂಡೆ. ಬಲಗಿವಿ ಮುಚ್ಚಿದೆ. ಕಡಲು ನಿಂತಿತು, ಇದು ನಿಲ್ಲಲಿಲ್ಲ. ಕುದುರೆಯ ಹೊಟ್ಟೆಯ ಅಡಿಯಿಂದ, ಎದೆ ಮುಗಿಯುವಲ್ಲಿಂದ ಬರುತ್ತಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಕತ್ತಲೆಯಲ್ಲಿ ಯಾರಾದರೂ ಕರೆದರೆ ಎತ್ತಲಿಂದ ಎಂದು ಗೊತ್ತಾಗುತ್ತದಲ್ಲ, ಹಾಗೆ.

"ಮಗಾ, ಅದ್ರ ಹೊಟ್ಟಿ ಒಳಗ್ ಕಡ್ಲ್ ಕೇಂತ್" ಎಂದೆ.

"ಕಡ್ಲ್ ನಿನ್ ಬಗಲಗೇ ಇತ್ತಲೆ ಅಮ್ಮಮ್ಮ. ಸುಮ್ನಿರ್" ಎಂದಳು.

"ಅದಲ್ಲ. ಎದಿ ಹಿಂದ್, ಅಡಿಯಂಗ್ ಕಾಣ್. ಮರ್ಳ್ ಎಳ್ದಾಂಗೆ."

ಅವಳು ನನ್ನನ್ನೇ ನೋಡಿದಳು. ಆಮೇಲೆ ತಿಳಿಯಿತು, ಮರಳು ತಿಂದ ಕುದುರೆಯ ಹೊಟ್ಟೆಯಲ್ಲಿ ಕಡಲ ದಂಡೆಯ ಸದ್ದೇ ಕೇಳುತ್ತದೆ, ಅದನ್ನು ಕೇಳಬೇಕಾದದ್ದೂ ಆ ಜಾಗದಲ್ಲೇ ಎಂದು ಅವಳ ಪಾಠದಲ್ಲಿ ಇತ್ತಂತೆ. ಗಾಬರಿಯಲ್ಲಿ ಅವಳು ಆ ಒಂದು ಜಾಗ ಬಿಟ್ಟಿದ್ದಳು. ನಾನು ಆ ಪಾಠ ಕೇಳಿದವಳಲ್ಲ. ಅವಳು ಮನೆಯಲ್ಲಿ ಎಂದೂ ಅದನ್ನು ಹೇಳಿರಲಿಲ್ಲ.

ಕುದುರೆ ಎದ್ದಾಗ ದೀಕ್ಷಾ ಮಂಡಿಯೂರಿ ಅದರ ಅಡಿಗೆ ಹೋಗಿ ನಳಿಗೆ ಇಟ್ಟಳು. ತುಂಬ ಹೊತ್ತು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದಳು. ಡಾಕ್ಟರೂ ಕೇಳಿದರು, ಇಲ್ಲ. ನನಗೆ ಮಾತ್ರ ನಿಂತಲ್ಲಿಗೇ ಕೇಳುತ್ತಿತ್ತು, ಒಂದು ದೊಡ್ಡದು, ಎರಡು ಸಣ್ಣದು.

ಸುಮ್ಮನೆ ನಿಲ್ಲಲು ಆಗಲಿಲ್ಲ. ಕುದುರೆ ಬೆಳಿಗ್ಗೆ ಹಾಕಿದ್ದ ನಾಲ್ಕು ಲದ್ದಿ ಗಾಳಿಮರದ ಬುಡದಲ್ಲಿ, ಒಣಗಿದ ಎಲೆಗಳ ಮೇಲೆ ಬಿದ್ದಿತ್ತು. ಅದನ್ನು ಎತ್ತಿ ಒಂದು ಬಕೆಟ್ ನೀರಿಗೆ ಹಾಕಿ ಕೈಯಲ್ಲಿ ಕದಡಿದೆ. ಹೊಳೆಯಿಂದ ತಂದ ಚಿಪ್ಪುಮೀನಿನ ಮರಳು ತೆಗೆಯುವುದು ನಾವು ಹೀಗೆಯೇ, ಕದಡಿ, ಬಿಟ್ಟು, ಮೇಲಿನ ನೀರು ಚೆಲ್ಲಿ, ಮತ್ತೆ ಕದಡುವುದು. ಮೂರನೇ ನೀರು ಚೆಲ್ಲಿದಾಗ ತಳದಲ್ಲಿ ಎರಡು ಬೆರಳು ಮರಳು. ರಘು ಹುಲ್ಲನ್ನು ದಿನಾ ದಂಡೆಯ ಮೇಲೆಯೇ ಹಾಕುತ್ತಿದ್ದ. ಹುಲ್ಲಿನ ಜೊತೆ ಅದು ಕೋಡಿಯನ್ನೇ ತಿಂದಿತ್ತು.

ಡಾಕ್ಟರು ಬಕೆಟ್ ನೋಡಿ ಹೌದೆಂದರು. ಆದರೂ ಅವರ ಮಾತು ಬದಲಾಗಲಿಲ್ಲ. ಮರಳು ಇದ್ದರೂ ಕರುಳು ಆಡುತ್ತಿಲ್ಲ, ಎಣ್ಣೆ ಕುಡಿಸಿದರೂ ಹೋಗಲು ದಾರಿ ಬೇಕಲ್ಲ, ಈ ನೋವಿನಲ್ಲಿ ಇನ್ನೊಂದು ಗಂಟೆ ಇಡುವುದು ಪಾಪ ಎಂದರು. ದೀಕ್ಷಾ ನನ್ನ ಬಳಿ ಬಂದು ಎರಡೂ ಭುಜ ಹಿಡಿದಳು.

"ಅಮ್ಮಮ್ಮ, ಖರೆ ಹೇಳ್. ಈಗ್ಳೂ ಕೇಂತಾ?"

"ಕೇಂತ್ ಮಗಾ."

ಅವಳು ತಿರುಗಿ, ಒಂದು ಗಂಟೆ ಸಮಯ ಕೊಡಿ ಎಂದು ಡಾಕ್ಟರನ್ನು ಕೇಳಿದಳು, ಅವರು ಒಪ್ಪಿದರು. ಕುದುರೆಯ ಮೂಗಿನಿಂದ ಹೊಟ್ಟೆಗೆ ರಬ್ಬರ್ ನಳಿಗೆ ಇಳಿಸಿ ಎಣ್ಣೆ, ನೀರು, ರಘು ಮೆಡಿಕಲಿನಿಂದ ಓಡಿ ತಂದ ಇಸಬ್‌ಗೋಲು ಎಲ್ಲ ಹೊಯ್ದರು.

ಆ ಒಂದು ಗಂಟೆಯನ್ನು ನಾನು ಮರೆಯಲಾರೆ. ನಳಿಗೆ ಇಳಿಸುವ ಹೊತ್ತಿಗೆ ನನ್ನ ಕಿವಿಯ ಸದ್ದು ನಿಂತುಹೋಯಿತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಕುದುರೆ ಬಿದ್ದು ಎದ್ದು ನರಳುತ್ತಿತ್ತು. ಪ್ರತಿ ಸಲ ಬಿದ್ದಾಗಲೂ, ಇದು ನನ್ನ ಮಾತಿನಿಂದ ಎಂದುಕೊಳ್ಳುತ್ತಿದ್ದೆ. ದೋಣಿಯಿಂದ ನೀರಿನವರೆಗೆ, ನೀರಿನಿಂದ ದೋಣಿಯವರೆಗೆ ನಡೆದೆ. ದೀಕ್ಷಾ ಕುದುರೆ ಎದ್ದಾಗಲೆಲ್ಲ ಅದರ ಅಡಿಗೆ ಹೋಗುತ್ತಿದ್ದಳು.

ಸೂರ್ಯ ಇಳಿಯುವ ಹೊತ್ತಿಗೆ ಅವಳು ಅಲ್ಲಿಂದಲೇ ಕೈ ಎತ್ತಿದಳು. ಬಾ ಎಂದು ಕೈಸನ್ನೆ ಮಾಡಿದಳು. ನಾನು ಮರಳಿನಲ್ಲಿ ತೆವಳಿಕೊಂಡು ಹೋದೆ. ತನ್ನ ಕಿವಿಯ ನಳಿಗೆಯ ಒಂದು ತುದಿಯನ್ನು ನನ್ನ ಬಲಗಿವಿಗೆ ಇಟ್ಟಳು. ತೆರೆ ಮರಳನ್ನು ಎಳೆಯುತ್ತಿತ್ತು. ಒಂದು ದೊಡ್ಡದು. ಸ್ವಲ್ಪ ತಡೆದು, ಎರಡು ಸಣ್ಣದು. ನಾನು ಮೊದಲು ಕೇಳಿದ್ದೇ, ಒಂದಿಷ್ಟೂ ವ್ಯತ್ಯಾಸವಿಲ್ಲ. ಒಂದು ಗಂಟೆಯ ಮೇಲೆ ಆಗುವ ಸದ್ದನ್ನು ನಾನು ಮೊದಲೇ ಕೇಳಿದ್ದೆನೇ?

ಕತ್ತಲಾಗುವ ಮೊದಲು ಚಂಪಾ ಲದ್ದಿ ಹಾಕಿತು. ರಘು ಆ ಲದ್ದಿಯನ್ನು ಬೊಗಸೆಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟ. ಮುಂದಿನ ಸೋಮವಾರ ದೀಕ್ಷಾ ಪೆಟ್ಟಿಗೆ ಸಮೇತ ಬಸ್ಸು ಹತ್ತಿದಳು.

ಆದರೆ ಅವಳು ನನ್ನ ಮಾತು ನಂಬಿಲ್ಲ. ತನಗೆ ಧೈರ್ಯ ತುಂಬಲು ಅಮ್ಮಮ್ಮ ಒಂದು ಸುಳ್ಳು ಹೇಳಿದರು ಎಂದು ಗೆಳತಿಯರಿಗೆಲ್ಲ ಹೇಳಿದ್ದಾಳೆ. ನಾನು ಎಷ್ಟು ಆಣೆ ಮಾಡಿದರೂ, "ಸುಳ್ಳಾರೂ ಅಡ್ಡಿಲ್ಲೆ ಬಿಡ್" ಎಂದು ಕೆನ್ನೆ ಹಿಂಡುತ್ತಾಳೆ. ಕಿವಿಯ ಡಾಕ್ಟರನ್ನು ಮತ್ತೆ ಕಂಡೆ. ಯಂತ್ರ ಇಟ್ಟು ನೋಡಿ, ಈ ಕಿವಿಗೆ ಏನೂ ಕೇಳುವ ಸಾಧ್ಯತೆಯೇ ಇಲ್ಲ ಎಂದರು. ಹಾಗಾದರೆ ಅಂದು ಏನಾಯಿತು? ಕುದುರೆ ಸತ್ತಿದ್ದರೆ, ಆ ಗಂಟೆಯ ನರಳಾಟ ಯಾರ ತಲೆಗೆ? ಪಾಸಾದ ಸುದ್ದಿ ಬಂದ ರಾತ್ರಿ ಲಾಡು ಹಂಚಿ ಮುಗಿಸಿ ಮಲಗಿದಾಗಲೂ ಇದೇ ಯೋಚನೆ.

ಮೊನ್ನೆ ಮಧ್ಯಾಹ್ನ ಅವಳ ಫೋನು ಬಂತು. ಈಗ ಅವಳು ಕಾಲೇಜಿನ ಕುದುರೆ ಆಸ್ಪತ್ರೆಯಲ್ಲೇ ಕೆಲಸಕ್ಕೆ ಇದ್ದಾಳೆ. ಅವಳ ಹಿಂದೆ ಕುದುರೆಯೊಂದು ನರಳುತ್ತ ನೆಲಕ್ಕೆ ಕಾಲು ಬಡಿಯುವುದು ಕೇಳುತ್ತಿತ್ತು. ಊಟ ಆಯಿತಾ ಎಂದೂ ಕೇಳಲಿಲ್ಲ. ಸಣ್ಣ ಸ್ವರದಲ್ಲಿ, ಅಕ್ಕಪಕ್ಕದವರಿಗೆ ಕೇಳಬಾರದು ಎನ್ನುವ ಹಾಗೆ, "ಅಮ್ಮಮ್ಮ, ಫೋನ್ ಇದ್ರ ಹೊಟ್ಟಿಗ್ ಹಿಡಿತೆ. ಒಂದ್ಸಲ ಕೇಣ್" ಎಂದಳು.

ನಾನು ಫೋನನ್ನು ಸತ್ತ ಎಡಗಿವಿಗೆ ಹಿಡಿದೆ, ಮತ್ತೆ ಬಲಗಿವಿಗೆ ತಂದೆ. ಅಂಗಳಕ್ಕೆ ಹೋದೆ, ಒಳಗೆ ಬಂದೆ, ಬಾಗಿಲು ಹಾಕಿಕೊಂಡೆ. ಉಸಿರು ಹಿಡಿದು ಕೇಳಿದೆ. ಕೇಳಲೇಬೇಕೆಂದು ಅಷ್ಟು ಆಸೆಯಿಂದ ನಾನು ಏನನ್ನೂ ಕೇಳಿದವಳಲ್ಲ.

"ಎಂತಾರೂ ಕೇಂತಾ?" ಎಂದಳು.

"ಇಲ್ಲೆ ಮಗಾ. ಎಂತದೂ ಇಲ್ಲೆ."

"ಅಡ್ಡಿಲ್ಲೆ" ಎಂದಳು. ಫೋನು ಇಡುವುದಕ್ಕೆ ಮರೆತಿರಬೇಕು. ಅವಳು ಯಾರಿಗೋ ಮಲಗಿಸುವ ಇಂಜೆಕ್ಷನ್ ತರಲು ಹೇಳುವುದು ನನಗೆ ಸ್ಪಷ್ಟವಾಗಿ ಕೇಳಿತು.