ನಸುಕಿನ ಶಾಲೆಯ ಅಕ್ಕೋರು

ಹೊಸಪೇಟೆಯ ರೈಲ್ವೆ ಯಾರ್ಡಿನ ಹಿಂದೆ ಅದಿರು ಲಾರಿಗಳು ಸಾಲಾಗಿ ನಿಂತಿವೆ. ಬೆಳಗಿನ ಐದು ಗಂಟೆ. ಕೆಂಪು ಧೂಳು ಮೆತ್ತಿಕೊಂಡ ಒಂದು ಲಾರಿಯ ಬಾಗಿಲನ್ನು ರಾಧಾಬಾಯಿ ಛತ್ರಿಯ ಹಿಡಿಕೆಯಿಂದ ತಟ್ಟುತ್ತಿದ್ದಾರೆ. ಹಸಿರಂಚಿನ ನೂಲಿನ ಸೀರೆ, ಹೆಗಲಿಗೆ ಬಟ್ಟೆಯ ಚೀಲ, ವಯಸ್ಸು ಐವತ್ತರ ಹತ್ತಿರ. ಊರಿನ ಏಕೈಕ ಬೆಳಗಿನ ಪ್ರೌಢಶಾಲೆಗೆ ಅವರು ಮುಖ್ಯೋಪಾಧ್ಯಾಯಿನಿ.

ಬಾಗಿಲು ತೆರೆದವನು ಡ್ರೈವರ್ ಜಂಬಪ್ಪ. "ಕ್ಲೀನರ್ ಮ್ಯಾಲೆ ಮಲಗ್ಯಾನ್ರಿ ಅಕ್ಕೋರೆ. ನೀವು ದಿನಾ ತಟ್ಟಿ ತಟ್ಟಿ ನನ್ನ ಬಾಗಲಾ ತಗ್ಗು ಬಿದ್ದೈತಿ. ಮಾಲಕ ಕೇಳಿದ್ರ ಎಸ್ಸೆಸ್ಸೆಲ್ಸಿ ಬಂದು ಗುದ್ದಿತು ಅಂತೀನಿ."

"ಹಂಗೇ ಹೇಳಪ್ಪ. ಮೊದಲು ಅವನ್ನ ಎಬ್ಬಿಸು. ಇವತ್ತು ಕನ್ನಡ ಪತ್ರಿಕೆ ಅದ."

ತಾಡಪತ್ರಿಯ ಮೇಲೆ ಗಾಳೆಪ್ಪ ಎದ್ದು ಕೂರುತ್ತಾನೆ. ಪಾಪಿನಾಯಕನಹಳ್ಳಿಯ ಈ ಹುಡುಗನಿಗೆ ಹತ್ತೊಂಬತ್ತು. ಎದ್ದರೂ ಕೆಳಗಿಳಿಯುವುದಿಲ್ಲ.

"ನಾ ಬರಂಗಿಲ್ರಿ ಅಕ್ಕೋರೆ. ಹೊಳೆಮ್ಮಕ್ಕನೂ ಬರಂಗಿಲ್ಲ. ನಾವು ಏಳು ಮಂದಿ ಮಾತಾಡಿಕೊಂಡೀವಿ. ನಾವು ಪರೀಕ್ಷೆಗೆ ಕುಂತ್ರ ಸಾಲಿ ಮುಚ್ಚತೈತಿ."

ರಾಧಾಬಾಯಿ ಉತ್ತರಿಸುವುದಿಲ್ಲ. ಛತ್ರಿಯನ್ನು ನೆಲಕ್ಕೂರಿ ಹುಡುಗನನ್ನೇ ನೋಡುತ್ತಾ ನಿಲ್ಲುತ್ತಾರೆ. ಅವರ ತರಗತಿಯಲ್ಲಿ ಕೂತವರಿಗೆ ಈ ಮೌನ ಗೊತ್ತು. ಪ್ರಶ್ನೆ ಕೇಳಿದ ಮೇಲೆ ಅವರು ಕಾಯುತ್ತಾರೆ. ಉತ್ತರ ಬಾರದಿದ್ದರೂ ಕಾಯುತ್ತಾರೆ. ದಿನವಿಡೀ ಯಾರದಾದರೂ ಕೂಗು ಕೇಳುವ ಈ ವಿದ್ಯಾರ್ಥಿಗಳಿಗೆ ತಮಗಾಗಿ ಒಬ್ಬರು ಸುಮ್ಮನೆ ಕಾಯುವುದು ಹೊಸ ಅನುಭವ.

ಹುಡುಗನ ಮಾತು ಅರ್ಥವಾಗಬೇಕಾದರೆ ಆ ಶಾಲೆಯನ್ನು ನೋಡಬೇಕು. ಅಕ್ಕಿ ಗಿರಣಿಯೊಂದರ ಹಿಂದಿನ ಮೂರು ಕೋಣೆಗಳಲ್ಲಿ ಅದು ಬೆಳಿಗ್ಗೆ ಐದೂವರೆಯಿಂದ ಎಂಟೂವರೆಯವರೆಗೆ ನಡೆಯುತ್ತದೆ. ಆಮೇಲೆ ವಿದ್ಯಾರ್ಥಿಗಳೆಲ್ಲ ಗ್ಯಾರೇಜು, ಹೋಟೆಲು, ಬಾಳೆಕಾಯಿ ಮಂಡಿ, ಹೊಲಿಗೆ ಅಂಗಡಿಗಳಿಗೆ ಚದುರುತ್ತಾರೆ. ಎಂಟರಿಂದ ಹತ್ತನೇ ತರಗತಿಯವರೆಗೆ ನೂರಹನ್ನೆರಡು ಮಂದಿ. ಅರ್ಧಕ್ಕಿಂತ ಹೆಚ್ಚು ಜನ ಹದಿನೆಂಟು ದಾಟಿದವರು. ನಾಲ್ಕರಲ್ಲೊಬ್ಬರು ಹೆಂಗಸರು. ಹಳೆಯ ಶಾಲೆಯಿಂದ ತಾವಾಗಿ ಬಿಟ್ಟು ಬಂದವರು ಕಡಿಮೆ. "ನಮ್ಮ ರಿಸಲ್ಟ್ ಕೆಡತದ, ನೀ ಬ್ಯಾರೆ ಎಲ್ಲಾದ್ರೂ ಪರೀಕ್ಷೆ ಕಟ್ಟಿಕೋ" ಎಂದು ಕೇಳಿಸಿಕೊಂಡು ಬಂದವರೇ ಜಾಸ್ತಿ.

ಕಾಲುವೆ ನೀರು ಈ ಸೀಮೆಗೆ ಕಬ್ಬು, ಬತ್ತ, ಬಾಳೆ ತಂದಿತು. ಅವುಗಳ ಹಿಂದೆ ಕೆಲಸ ಬಂತು. ಕಂಪ್ಲಿಯ ಕಡೆ ನಾಟಿ ಮುಗಿದರೆ ಹೊಸಪೇಟೆಯಲ್ಲಿ ಕಬ್ಬು ಕಡಿಯುವುದು. ಕೂಲಿ ಸಿಕ್ಕಲ್ಲಿಗೆ ಮನೆಮಂದಿಯೆಲ್ಲ ಹೋಗುತ್ತಾರೆ. ಶಾಲೆ ಶುರುವಾಗುವ ಹೊತ್ತಿಗೆ ನಾಟಿ, ಪರೀಕ್ಷೆ ಹತ್ತಿರವಾಗುವ ಹೊತ್ತಿಗೆ ಕಡಿತ. ಗಾಳೆಪ್ಪನ ಒಂಬತ್ತನೇ ತರಗತಿ ಹೀಗೆ ಎರಡು ಸಲ ಅರ್ಧಕ್ಕೇ ನಿಂತಿದೆ. "ಊರು ಶ್ರೀಮಂತ ಆದಷ್ಟೂ ನನ್ನ ಸಾಲಿ ತುಂಬತದ" ಎನ್ನುತ್ತಾರೆ ರಾಧಾಬಾಯಿ. ದೂರಿನ ದನಿಯಿಲ್ಲ.

ಒಂಬತ್ತು ವರ್ಷದ ಹಿಂದೆ, ಹೆಸರಿದ್ದ ಶಾಲೆಯ ಕೆಲಸ ಬಿಟ್ಟು ಅವರು ಇಲ್ಲಿಗೆ ಬಂದಾಗ ಮನೆಯವರು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರಂತೆ. ಇಲ್ಲಿ ಅವರು ಎರಡು ರೂಢಿ ಹಾಕಿದ್ದಾರೆ. ತಡವಾಗಿ ಬಂದವರಿಗೂ ಬಾಗಿಲು ತೆರೆದೇ ಇರುತ್ತದೆ. ಮತ್ತು ಯಾಕೆ ಫೇಲಾದೆ ಎಂದು ಯಾರನ್ನೂ ಕೇಳುವುದಿಲ್ಲ. ಓದಿನಲ್ಲಿ ಇವರು ಹೇಗೆ ಎಂದರೆ ನಗುತ್ತಾರೆ. "ಕನ್ನಡ, ಸಮಾಜ ದಾಟತಾರ. ಗಣಿತದಾಗ ಅರ್ಧ ಮಂದಿ ಮುಗ್ಗರಿಸ್ತಾರ. ಇಂಗ್ಲಿಷಿನಾಗ ಜಾತಿ-ಮತ ಭೇದ ಇಲ್ರಿ, ಎಲ್ಲಾರೂ ಕೂಡಿ ಫೇಲು."

ಕಳೆದ ಏಪ್ರಿಲ್‌ನಲ್ಲಿ ಮೂವತ್ತೆಂಟು ಮಂದಿಯಲ್ಲಿ ಹನ್ನೆರಡು ಮಂದಿ ತೇರ್ಗಡೆಯಾದರು. ಉಳಿದವರಲ್ಲಿ ಹೆಚ್ಚಿನವರು ಮೂರು ನಾಲ್ಕು ವಿಷಯ ದಾಟಿದ್ದರು. ಅಕ್ಟೋಬರಿನಲ್ಲಿ ಮತ್ತೆ ಕೂತು ಇನ್ನೂ ಒಂಬತ್ತು ಮಂದಿ ಪೂರೈಸಿದರು. ಆದರೆ ಊರಿನ ಬಾಯಲ್ಲಿ ಉಳಿದದ್ದು ಏಪ್ರಿಲ್‌ನ ಅಂಕಿ ಮಾತ್ರ.

ಆ ಅಂಕಿಯೇ ಈಗ ಶಾಲೆಯ ಕುತ್ತಿಗೆಗೆ ಬಂದಿದೆ. ನಲವತ್ತು ಪರ್ಸೆಂಟ್ ಮುಟ್ಟದಿದ್ದರೆ ಜೂನ್‌ನಲ್ಲಿ ಶಾಲೆ ಮುಚ್ಚಿ, ಕೋಣೆಗಳನ್ನು ಇಂಗ್ಲಿಷ್ ಮಾಧ್ಯಮದ ಶಿಶುವಿಹಾರಕ್ಕೆ ಕೊಡುವುದೆಂದು ಆಡಳಿತ ಕಮಿಟಿ ಫೆಬ್ರುವರಿಯಲ್ಲಿ ತೀರ್ಮಾನಿಸಿದೆ. ಕಾರ್ಯದರ್ಶಿ ವಿರುಪಾಕ್ಷಪ್ಪ ಕೆಟ್ಟವರಲ್ಲ. ಗಿರಣಿ ಅವರದೇ. ಇಷ್ಟು ವರ್ಷ ಬಾಡಿಗೆಯಿಲ್ಲದೆ ಕೋಣೆ ಬಿಟ್ಟುಕೊಟ್ಟಿದ್ದಾರೆ. ಉಪಾಯವನ್ನೂ ಅವರೇ ಹೇಳಿದರು: "ಬಾಯಾರೆ, ಕಚ್ಚಾ ಇರೋ ಏಳೆಂಟು ಮಂದಿನ ಈ ಸಲ ಕೂಡಿಸಬ್ಯಾಡ್ರಿ. ಎಲ್ಲಾರೂ ಮಾಡೋದೇ ಐತಿ."

ಅಂದು ಸಭೆಯಲ್ಲಿ ರಾಧಾಬಾಯಿ ಕೊಟ್ಟ ಉತ್ತರವನ್ನು ವಿರುಪಾಕ್ಷಪ್ಪನವರೇ ನಗುತ್ತಾ ನೆನೆಯುತ್ತಾರೆ. "ನನಗ ನಾಕು ಲಾರಿ ಅದಾವು, ಎಲ್ಲಾ ಕಂತಿನ ಮ್ಯಾಲೆ ತಗೊಂಡಿದ್ದು. ಈಕಿ ಅಂದ್ಲು, 'ಕಂತಿನ ಮ್ಯಾಲೆ ಲಾರಿ ತಗೊಂಡ್ರ ಮಾಲಕರು ಅಂತಾರ, ಕಂತಿನ ಮ್ಯಾಲೆ ಪಾಸಾದ್ರ ಯಾಕ ಫೇಲು ಅಂತೀರಿ?'" ಆದರೆ ತೀರ್ಮಾನ ಬದಲಾಗಲಿಲ್ಲ. ರಾಧಾಬಾಯಿ ಹತ್ತನೆಯ ತರಗತಿಯ ನಲವತ್ತೊಂದು ಮಂದಿಯನ್ನೂ ಪರೀಕ್ಷೆಗೆ ಕಟ್ಟಿಸಿದರು.

ಈ ಸಂಗತಿ ವಿದ್ಯಾರ್ಥಿಗಳ ಕಿವಿಗೆ ಬಿತ್ತೆಂದು ಅವರಿಗೆ ಗೊತ್ತಾದದ್ದು ಈಗ, ಈ ಲಾರಿಯ ಬಳಿ.

"ಲೆಕ್ಕ ಹಾಕೀವ್ರಿ" ಎನ್ನುತ್ತಾನೆ ಗಾಳೆಪ್ಪ, ಮೌನ ತಾಳಲಾರದೆ. "ಪೂರ್ವಸಿದ್ಧತಾ ಪರೀಕ್ಷೆದಾಗ ಹದಿನಾಕು ಮಂದಿ ಪಾಸು. ನಲವತ್ತೊಂದಕ್ಕ ಹದಿನಾಕು ಅಂದ್ರ ಮೂವತ್ತನಾಕು ಪರ್ಸೆಂಟ್. ನಾವು ಏಳು ಮಂದಿ ಕುಂದ್ರದಿದ್ರ ನಲವತ್ತೊಂದು ಪರ್ಸೆಂಟ್. ಸಾಲಿ ಉಳೀತೈತಿ."

"ಸರಿ ಅದ" ಎನ್ನುತ್ತಾರೆ ಅಕ್ಕೋರು. "ಎರಡು ವರ್ಷ ಪರ್ಸೆಂಟ್ ಲೆಕ್ಕ ತಪ್ಪು ಮಾಡ್ದಿ. ಇವತ್ತೊಂದೇ ಸರಿ ಮಾಡೀದಿ, ಅದೂ ಇದಕ್ಕ."

ಜಂಬಪ್ಪ ನಗುತ್ತಾನೆ. ಹುಡುಗ ನಗುವುದಿಲ್ಲ.

ಹೊಳೆಮ್ಮ ಅಲ್ಲೇ ಯಾರ್ಡಿನಲ್ಲಿದ್ದಾಳೆ. ವಡ್ಡು ಗ್ರಾಮದವಳು, ಮೂವತ್ತೊಂದರ ಪ್ರಾಯ. ಬುಟ್ಟಿಯಲ್ಲಿ ಅದಿರು ಹೊತ್ತು ವ್ಯಾಗನ್ನಿಗೆ ತುಂಬುವ ಕೆಲಸ. ಪಕ್ಕದಲ್ಲಿ ಸೀರೆಯ ಜೋಲಿಯಲ್ಲಿ ಕೂಸು. ಅಕ್ಕೋರನ್ನು ಕಂಡು ಬುಟ್ಟಿ ಇಳಿಸಿ ತಲೆ ತಗ್ಗಿಸುತ್ತಾಳೆ.

ರಾಧಾಬಾಯಿ ದನಿ ಏರಿಸುವುದಿಲ್ಲ. "ಸಾಲಿ ಉಳಸ್ರಿ ಅಂತ ನಿಮಗ ನಾ ಕಲಿಸಿಲ್ಲ. ನೀವಿಲ್ಲದ ಸಾಲಿ ಉಳಕೊಂಡ್ರ, ಅದರಾಗ ನಾ ಯಾರ ಹಾಜರಿ ಕರೀಲಿ? ಹಿಂದಿನ ಸಾಲ್ಯಾಗ ನಿಮ್ಮನ್ನ ಹೊರಗ ನಿಲ್ಲಿಸಿದ್ರು. ಇಲ್ಲಿ ನೀವಾಗೇ ಹೋಗಿ ನಿಲ್ತೀರೇನು?"

ಗಾಳೆಪ್ಪ ಲಾರಿಯಿಂದ ಕೆಳಗಿಳಿಯುತ್ತಾನೆ. ಆಮೇಲೆ ಹೊಳೆಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ. "ಫೇಲಾದ್ರ ಬೈಬಾರದು ನೋಡ್ರಿ."

"ನಾ ಎಂದು ಬೈದೀನಿ?"

"ಬೈಯಂಗಿಲ್ಲ. ಸುಮ್ಮನ ನೋಡ್ತೀರಿ. ಅದಕ್ಕಿಂತ ಬೈಯೋದು ಚಲೋ."

ಉಳಿದ ಐವರು ಊರಿನ ಬೇರೆ ಬೇರೆ ಮೂಲೆಯಲ್ಲಿದ್ದಾರೆ. ಹುಡುಕಿ ತರಲು ಜಂಬಪ್ಪನೇ ಲಾರಿ ಚಾಲೂ ಮಾಡುತ್ತಾನೆ. "ಏರ್ರಿ, ಅದಿರಿಗಿಂತ ಹಗೂರ ಅದೀರಿ." ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಒಬ್ಬ, ಮಂಡಿಯಿಂದ ಇಬ್ಬರು, ಗ್ಯಾರೇಜಿನಿಂದ ಒಬ್ಬ, ಕೊನೆಗೆ ಮಲಪನಗುಡಿಯ ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದವನೊಬ್ಬ, ಸೈಕಲ್ ಸಮೇತ. ಪರೀಕ್ಷಾ ಕೇಂದ್ರದ ಮುಂದೆ ಅದಿರು ಲಾರಿಯಿಂದ ಇಳಿದವರನ್ನು ಇಸ್ತ್ರಿ ಬಟ್ಟೆಯ ಹುಡುಗರು ಬೆರಗಿನಿಂದ ನೋಡುತ್ತಾರೆ. ನಲವತ್ತೊಂದು ಮಂದಿಯೂ ಒಳಗೆ ಹೋಗುತ್ತಾರೆ.

ರಾಧಾಬಾಯಿ ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಾರೆ. ಮಡಿಲಲ್ಲಿ ಹೊಳೆಮ್ಮನ ಕೂಸು, ಪಕ್ಕದಲ್ಲಿ ಬುತ್ತಿ ಗಂಟುಗಳು. ಹನ್ನೊಂದರ ಸುಮಾರಿಗೆ ವಿರುಪಾಕ್ಷಪ್ಪ ಜೀಪಿನಲ್ಲಿ ಬಂದು ನಿಲ್ಲುತ್ತಾರೆ.

"ಎಲ್ಲಾರನ್ನೂ ಕೂಡಿಸಿದ್ರಿ?"

"ಹೂಂ ರಿ."

"ಜೂನ್‌ನಾಗ ಕಮಿಟಿಗೆ ಏನು ಹೇಳೋಣ?"

"ಜೂನ್‌ನಾಗ ನಾನೇ ಬಂದು ಹೇಳ್ತೀನಿ. ಅಕ್ಟೋಬರ್‌ನಾಗೂ ಬರ್ತೀನಿ." ಕೂಸಿನ ಮುಖಕ್ಕೆ ಬಿಸಿಲು ಬೀಳದಂತೆ ಛತ್ರಿ ವಾಲಿಸುತ್ತಾರೆ. "ಕೋಣಿ ಹೋದ್ರ ಗಿಡದ ಕೆಳಗ ನಡಸ್ತೀನಿ. ಬಾಗಲಾ ಒಂದು ಮುಚ್ಚಬಾರದು ಅಂಬೋದಷ್ಟೇ ನನ್ನ ಆಸೆ. ತಡಾ ಆಗಿ ಬರೋರು ಇನ್ನೂ ಇದ್ದಾರ."

ವಿರುಪಾಕ್ಷಪ್ಪ ಜೀಪು ಹತ್ತಿ ಕೂರುತ್ತಾರೆ. ಆದರೆ ಜೀಪು ಹೊರಡುವುದಿಲ್ಲ. ಕೊನೆಯ ಗಂಟೆಯವರೆಗೆ ರಸ್ತೆಯಾಚೆ ನಿಂತೇ ಇರುತ್ತದೆ.

ಒಂದು ಗಂಟೆಗೆ ಗಾಳೆಪ್ಪ ಹೊರಬರುತ್ತಾನೆ. ಬೆರಳಿಗೆ ಮಸಿ, ಅಂಗಿಗೆ ಅದಿರಿನ ಕೆಂಪು. ಹೇಗೆ ಬರೆದೆ ಎಂದು ಕೇಳುತ್ತಾರೇನೋ ಎಂದು ಅಕ್ಕೋರ ಮುಂದೆ ನಿಂತು ಕಾಯುತ್ತಾನೆ. ಅವರು ಅವನ ಕೈಗೆ ಬುತ್ತಿ ಗಂಟು ಕೊಡುತ್ತಾರೆ.

"ನಾಳೆ ಗಣಿತ ಅದ. ಐದಕ್ಕ ಬರ್ತೀನಿ. ಲಾರಿ ಎಲ್ಲಿ ನಿಂತಿರ್ತದ ಹೇಳು."