ಕುದುರೆ ಕೂದಲು ಕಟ್ಟಿದ ಕಿರುಬೆರಳು

ಆಗ ನನಗೆ ಅರುವತ್ತಾರು ವಯಸ್ಸು. ನಾಲ್ಕು ವರ್ಷದ ಹಿಂದಿನ ಮಾತು. ಬಲಗಾಲಿನ ಕಿರುಬೆರಳ ಪಕ್ಕ ಒಂದು ನರಹುಲಿ ಎದ್ದಿತ್ತು. ಅದರ ದೆಸೆಯಿಂದ ಕಾಲೇ ಹೋಗುವುದರಲ್ಲಿತ್ತು. ನರಹುಲಿಯಿಂದ ಯಾರ ಕಾಲಾದರೂ ಹೋಗುತ್ತದೆಯೇ ಎಂದು ನಗುವವರು ನಗಲಿ. ನಾನೂ ನಕ್ಕವಳೇ.

ನಮ್ಮದು ಹೊಸೂರಿಗೆ ಹತ್ತಿರದ ತಳಿ ಊರಿನ ಕಡೆಯ ಹಳ್ಳಿ. ಮನೆ ಹಿಂದೆ ಸೇವಂತಿಗೆ ತೋಟ. ಬೆಳಗಾಗುತ್ತಲೇ ಹೂ ಬಿಡಿಸಿ ಹೊಸೂರಿಗೆ ಹೋಗುವ ಜೀಪಿಗೆ ಹಾಕಬೇಕು. ಚಪ್ಪಲಿ ಕೆಸರಿಗೆ ಅಂಟಿಕೊಳ್ಳುತ್ತದೆ ಎಂದು ಬರಿಗಾಲಲ್ಲೇ ಇಳಿಯುತ್ತಿದ್ದೆ. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷ ಆಗಿತ್ತು. ಪಾದ ಎರಡೂ ಮರಗಟ್ಟಿ, ಮುಳ್ಳು ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಅದನ್ನು ನಾನು ಕಾಯಿಲೆ ಅಂದುಕೊಂಡಿರಲಿಲ್ಲ. ತೋಟದಲ್ಲಿ ಕೆಲಸ ಮಾಡುವವಳಿಗೆ ಅನುಕೂಲ ಅಂದುಕೊಂಡಿದ್ದೆ.

ನರಹುಲಿ ಮೊದಲು ಸಾಸಿವೆ ಕಾಳಿನಷ್ಟಿತ್ತು. ಉಗುರಿನಲ್ಲಿ ಕಿತ್ತೆ. ರಕ್ತ ಬಂತು, ಬುಡದಲ್ಲಿ ಕಪ್ಪು ಚುಕ್ಕೆಗಳು ಕಂಡವು. ಆಮೇಲೆ ಹೂಕೋಸಿನ ಚೂರಿನ ಹಾಗೆ ಒರಟಾಗಿ, ಮೊದಲಿಗಿಂತ ದಪ್ಪಗೆ ಬೆಳೆಯಿತು. ಹೊಸೂರಿನ ಕಾರ್ಖಾನೆಗೆ ಹೋಗುವ ನನ್ನ ಸೊಸೆ ಅದನ್ನು ನೋಡಿದಳು.

“ಅತ್ತೆ, ಕೀಳ್ಬೇಡಿ ಅದನ್ನ. ನಮ್ ಕಂಪನೀಲಿ ಒಬ್ಬಳು ಹಿಂಗೇ ಕಿತ್ತು ಕಿತ್ತು ಕೈಯೆಲ್ಲ ಆಗ್ಬುಟ್ಟಿತ್ತು. ನಂಗೆ ರಜ ಬಂದಾಗ ಆಸ್ಪತ್ರೆಗೆ ಹೋಗಣ.”

“ಹೂ ಯಾರು ಬಿಡಿಸ್ತಾರೆ? ನಿಮ್ ಕಂಪನಿಯೋರು ಬತ್ತಾರಾ?” ಅಂದೆ.

ಪಕ್ಕದ ಮನೆಯವಳು ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವಳು. ಊರಿನವರ ನರಹುಲಿಗೆಲ್ಲ ಅವಳೇ ಮದ್ದು ಮಾಡುತ್ತಿದ್ದಳು. ಕುದುರೆ ಬಾಲದ ಕೂದಲನ್ನು ನರಹುಲಿಯ ಬುಡಕ್ಕೆ ಬಿಗಿದು, ಮೇಲೆ ಅರಿಶಿನದ ಬಟ್ಟೆ ಸುತ್ತುವುದು. ಮುನೇಶ್ವರನ ಗುಡಿ ಮುಂದಿನ ಕುಂಟೆಯ ನೀರಿಗೆ ಒಂದು ಹಿಡಿ ಉಪ್ಪು ಮೆಣಸು ಹಾಕಿ, ಹಿಂದಕ್ಕೆ ತಿರುಗದೆ ಮನೆಗೆ ಬರುವುದು. ಅಮಾವಾಸ್ಯೆಯವರೆಗೆ ಕಟ್ಟು ಬಿಚ್ಚಬಾರದು, ಕಟ್ಟಿಸಿಕೊಂಡವರು ನರಹುಲಿಯನ್ನು ಕಣ್ಣೆತ್ತಿ ನೋಡಬಾರದು. ನೋಡಿದಷ್ಟೂ ಅದು ಬೆಳೆಯುತ್ತದೆ ಎಂದು ಲೆಕ್ಕ.

ಒಂದು ಶುಕ್ರವಾರ ಕೂದಲು ಹಿಡಿದುಕೊಂಡು ಬಂದಳು.

“ಮದುವೆ ಮೆರವಣಿಗೆ ಕುದುರೇದು ಕಣಕ್ಕ. ಕೀಳೋವಾಗ ಒದ್ದಿದ್ರೆ ನಿನ್ ನರೂಲಿಗಿಂತ ಮುಂಚೆ ನಾನೇ ಉದುರೋಗ್ತಿದ್ದೆ.”

“ಒದೀಬೇಕಾಗಿತ್ತು. ಊರಿಗೆ ಒಳ್ಳೇದಾಗ್ತಿತ್ತು.”

ನನ್ನದು ಅಗಲವಾದ ನರಹುಲಿ. ಕೂದಲು ನಿಲ್ಲದೆ ಜಾರಿ ಜಾರಿ ಬಂತು. “ಇದು ಹಿಂಗೆ ಆಗಾಕಿಲ್ಲ. ಬೆರಳಿಗೂ ಸೇರಿಸಿ ಸುತ್ತಾಕ್ತೀನಿ. ನೋವಾದ್ರೆ ಹೇಳಕ್ಕ” ಅಂದಳು.

ನೋವಾಗಲಿಲ್ಲ. ಹೇಳಲಿಲ್ಲ.

“ಇನ್ನೂ ಬಿಗೀಲಾ?”

“ಬಿಗಿ.”

ಅವತ್ತು ಸಂಜೆ ಕುಂಟೆಗೆ ಹೋದೆ. ಉಪ್ಪು ಮೆಣಸು ನೀರಿಗೆ ಬಿದ್ದ ಸದ್ದು ಕೇಳಿಸಿಕೊಂಡು ತಿರುಗಿ ಹೊರಟೆ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದೆ ನೀರು ಇನ್ನೊಂದು ಸಲ ಬುಳಕ್ ಅಂದಿತು. ಕಪ್ಪೆಯೋ ಮೀನೋ. ನಾನು ಕತ್ತು ತಿರುಗಿಸಲಿಲ್ಲ.

ಆಮೇಲೆ ಸ್ನಾನ ಮಾಡುವಾಗಲೂ ಆ ಕಾಲನ್ನು ಕಲ್ಲಿನ ಮೇಲೆ ಎತ್ತಿಟ್ಟುಕೊಂಡು ಗೋಡೆ ನೋಡುತ್ತ ನೀರು ಹುಯ್ದುಕೊಂಡೆ. ದಿನ ಕಳೆದ ಹಾಗೆ ನಡುಮನೆಯಲ್ಲಿ ಒಂದು ವಾಸನೆ ಹಿಡಿಯಿತು. ಬಾಡಿದ ಸೇವಂತಿಗೆ ರಾಶಿ ಕೊಳೆತಿರಬೇಕು ಎಂದು ಹಿತ್ತಲನ್ನೆಲ್ಲ ಗುಡಿಸಿದೆ. ವಾಸನೆ ಹೋಗಲಿಲ್ಲ. ನಾನು ಎಲ್ಲಿ ಕೂತರೆ ಅಲ್ಲೇ ಇತ್ತು. ಬೀದಿ ನಾಯಿಯೊಂದು ತೋಟದವರೆಗೂ ನನ್ನ ಹಿಂದೆಯೇ ಬರಲು ಶುರು ಮಾಡಿತು. ಕಲ್ಲು ತೋರಿಸಿದರೆ ನಿಲ್ಲುವುದು, ನಡೆದರೆ ಮತ್ತೆ ಬರುವುದು. ಅದರ ಕಣ್ಣು ನನ್ನ ಬಲಗಾಲಿನ ಮೇಲೆಯೇ. ರಾತ್ರಿಗೆ ಚಳಿಜ್ವರ ಹತ್ತಿತು.

ಪಕ್ಕದವಳನ್ನು ಕೇಳಿದೆ. “ವಾಸನೆ ಬರ್ಲೇಬೇಕಲ್ಲಕ್ಕ. ಕೊಳ್ತೇ ಬೀಳೋದು ಅದು” ಅಂದಳು. ಸರಿ ಅನ್ನಿಸಿತು.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಸೊಸೆಗೆ ರಜ ಇತ್ತು. ನಾನು ಹೂ ಬಿಡಿಸಿ ಬಂದು ಗೋಡೆಗೆ ಒರಗಿ ಕಾಲು ಚಾಚಿದ್ದೆ. ಅವಳು ಕಾಫಿ ತಂದವಳು ಲೋಟ ಕೆಳಗಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಹೊಸಿಲಿನಿಂದ ಇರುವೆ ಸಾಲೊಂದು ಹೊರಟು ನೇರ ನನ್ನ ಕಾಲಿಗೆ ಬಂದಿತ್ತು. ಬಂದ ಇರುವೆಗಳು ಬಟ್ಟೆಯೊಳಗೆ ನುಗ್ಗುತ್ತಿದ್ದವು. ನನಗೆ ಒಂದು ಕಚ್ಚಿದ್ದೂ ಗೊತ್ತಿಲ್ಲ.

“ಅತ್ತೆ, ಬಿಚ್ಚಿ ಅದನ್ನ.”

“ಅಮಾವಾಸ್ಯೆ ಆಗ್ಲಿ. ನೋಡಬಾರ್ದು.”

“ನೀವು ನೋಡ್ಬೇಡಿ. ನಾನು ನೋಡ್ತೀನಿ. ನಂಗ್ಯಾವ ಹರಕೇನೂ ಇಲ್ಲ.”

ಕಣ್ಣು ಮುಚ್ಚಿಕೊಂಡೆ. ಬಟ್ಟೆ ಬಿಚ್ಚಿದ್ದು ಮೂಗಿಗೆ ತಿಳಿಯಿತು. ಸೊಸೆ ಎದ್ದು ಹೊರಗೆ ಓಡಿ, “ಯಾರಾದ್ರೂ ಜೀಪ್ ನಿಲ್ಲಿಸ್ರೋ!” ಎಂದು ಕೂಗಿದಳು. ಆಗ ಕಣ್ಣು ಬಿಟ್ಟೆ. ಕಿರುಬೆರಳು ಸುಟ್ಟ ಬದನೆಕಾಯಿಯ ಹಾಗೆ ಕಪ್ಪಗೆ ಇತ್ತು. ಕೂದಲು ಕಾಣುತ್ತಲೇ ಇರಲಿಲ್ಲ, ಮಾಂಸದೊಳಗೆ ಇಳಿದಿತ್ತು. ಪಾದದ ಮೇಲೆ ಕೆಂಪು ಗೆರೆಯೊಂದು ಕಣಕಾಲಿನ ಕಡೆಗೆ ಹೊರಟಿತ್ತು.

ಪಕ್ಕದವಳೂ ಜೀಪು ಹತ್ತಿದಳು. ದಾರಿಯುದ್ದಕ್ಕೂ ಹೂವಿನ ಮೂಟೆಗೆ ಮುಖ ಒತ್ತಿಕೊಂಡು ಕೂತಿದ್ದಳು.

ಹೊಸೂರಿನ ಆಸ್ಪತ್ರೆಯಲ್ಲಿ ಸೊಸೆ ಅಮಾವಾಸ್ಯೆಯ ಕಥೆಯನ್ನೆಲ್ಲ ಹೇಳಿದಳು. ಡಾಕ್ಟರಮ್ಮ ಚಿಮಟದಲ್ಲಿ ಆ ಕೂದಲನ್ನು ಎಳೆದು ತೆಗೆದು ಬೆಳಕಿಗೆ ಹಿಡಿದಳು. ತಮಿಳಿನವಳು, ಕನ್ನಡ ಬೆರೆಸಿ ಆಡುತ್ತಿದ್ದಳು, ಅಜ್ಜಿ ಅನ್ನುವುದಕ್ಕೆ ಪಾಟಿ ಅನ್ನುತ್ತಿದ್ದಳು.

“ಪಾಟಿ, ನರಹುಲಿ ಒಂದು ವೈರಸ್. ಚರ್ಮದ ಮೇಲೇ ಇರತ್ತೆ, ಆಳಕ್ಕೆ ಹೋಗಲ್ಲ. ಬರಿಗಾಲಲ್ಲಿ, ಒದ್ದೆ ನೆಲದಲ್ಲಿ ಅಂಟತ್ತೆ, ಕಿತ್ತರೆ ಹರಡತ್ತೆ. ತುಂಬಾ ಜನಕ್ಕೆ ವರ್ಷ ಎರಡು ವರ್ಷದಲ್ಲಿ ತಾನಾಗೇ ಹೋಗತ್ತೆ. ಹೋಗದಿದ್ದರೆ ಮುಲಾಮಿದೆ, ಮಂಜಿನಂಥ ತಣ್ಣನೆ ಗ್ಯಾಸ್ ಬಿಟ್ಟು ಸುಡೋದಿದೆ. ಆದರೆ ಶುಗರ್ ಇರೋರು ಕಾಲಿಗೆ ತಾವೇ ಏನೂ ಮಾಡ್ಕೋಬಾರದು. ಮುಲಾಮೂ ಕೂಡ.”

“ತಾನಾಗೇ ಹೋಗತ್ತಾ?” ಪಕ್ಕದವಳು ಬಾಗಿಲಲ್ಲೇ ನಿಂತು ಕೇಳಿದಳು. ಇಷ್ಟು ವರ್ಷ ಅವಳ ಕೈಯಲ್ಲಿ ಬಿದ್ದ ನರಹುಲಿಗಳೆಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು.

“ಕಾಲು?” ಅಂದೆ ನಾನು.

“ಬೆರಳು ಸತ್ತಿದೆ ಪಾಟಿ. ಇವತ್ತೇ ತೆಗೀಬೇಕು. ನಿಮ್ಮ ಅಮಾವಾಸ್ಯೆ ತನಕ ಬಿಟ್ಟಿದ್ದರೆ ಪಾದ ಉಳೀತಿರಲಿಲ್ಲ.”

ಸಂಜೆಗೆ ತೆಗೆದರು. ವಾರ್ಡಿಗೆ ತಂದು ಮಲಗಿಸಿದ ಮೇಲೆ ಪಕ್ಕದವಳು ಬಂದು ಮಂಚದ ತುದಿ ಹಿಡಿದುಕೊಂಡಳು. “ಹೆಂಗೋ ನರೂಲಿ ಹೋಯ್ತಲ್ಲಕ್ಕ” ಅಂದಳು. ಸೊಸೆ ಅವಳ ಮುಖ ನೋಡಿದಳು.

ಮಾರನೆಯ ದಿನ ಬೆಳಗಾಗುತ್ತಲೇ ಸೊಸೆಯ ಚೀಲದಲ್ಲಿದ್ದ ಸಣ್ಣ ಕನ್ನಡಿಯನ್ನು ಕೇಳಿ ಈಸಿಕೊಂಡೆ. ಎಡಗಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು ಅಂಗಾಲು ನೋಡಿದೆ. ಹಿಮ್ಮಡಿಯ ಹತ್ತಿರ ಎರಡಿದ್ದವು, ಸಾಸಿವೆ ಕಾಳಿನಷ್ಟು. ಉಗುರು ತಾಗಿಸಲಿಲ್ಲ. ಡಾಕ್ಟರಮ್ಮ ಬರುವವರೆಗೂ ಆ ಕಾಲನ್ನು ಹೊದಿಕೆಯಿಂದ ಹೊರಗೇ ಇಟ್ಟುಕೊಂಡು, ಅವೆರಡನ್ನೂ ನೋಡುತ್ತ ಕೂತಿದ್ದೆ.